ಹಾಲಿ ಏಳು, ಕಲ್ದಾರ ಆರು

ಹೋದ ಚಳಿಗಾಲ ಕುಷ್ಟಗಿ ಬಸ್ ಸ್ಟ್ಯಾಂಡಿನ ಹೊರಗೆ ಚಾ ಕುಡಿದು ಹತ್ತರ ನಾಣ್ಯ ಕೊಟ್ಟೆ. ಅಂಗಡಿಯವ ಎರಡು ಸಲ ಹೊರಳಿಸಿ ನೋಡಿ, ಮಿರ್ಚಿ ಕಟ್ಟುವ ಪೇಪರಿನ ಮೇಲೆ ಅದನ್ನು ವಾಪಸ್ ಇಟ್ಟ.

"ಇದು ನಡಿಯಂಗಿಲ್ರೀ."

ಯಾಕೆ ಅಂದೆ. ಮಂದಿ ತಗೊಳ್ಳಂಗಿಲ್ಲ ಅಂದ. ಸರ್ಕಾರ ತಗೊಳ್ತದಲ್ಲ ಅಂದೆ. "ಸರ್ಕಾರ ಬಂದು ನನ್ನ ಕಡೆ ಚಾ ಕುಡಿತೈತೇನ್ರಿ?"

ಮಾತು ಚೆಂದ, ಲೆಕ್ಕ ತಪ್ಪು. ಹತ್ತರ ನಾಣ್ಯ 14 ನಮೂನೆಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿತ್ತು. ನಾಣ್ಯದ ಮೇಲಿನ ಗೆರೆ ಹತ್ತಿದ್ದರೂ ಸೈ, ಹದಿನೈದಿದ್ದರೂ ಸೈ. ರೂಪಾಯಿ ಚಿಹ್ನೆ ನಾಣ್ಯದ ಮೇಲೆ ಬಂದದ್ದೇ 2011ರಲ್ಲಿ, ಹಾಗಾಗಿ ಅದಕ್ಕಿಂತ ಹಳೆಯ ನಾಣ್ಯದ ಮೇಲೆ ಅದು ಇರುವುದಾದರೂ ಹೇಗೆ? 2011ರ ನಾಣ್ಯ ಕಾಯ್ದೆಯ ಪ್ರಕಾರ ರೂಪಾಯಿ ನಾಣ್ಯಗಳು ಒಂದು ವ್ಯವಹಾರದಲ್ಲಿ 1,000 ರೂಪಾಯಿವರೆಗೆ ಸಲ್ಲುತ್ತವೆ. ಚೀಲದ ತುಂಬ ಚಿಲ್ಲರೆ ತಂದು ಮೋಟರ್‌ಸೈಕಲ್ ಕೊಡಿ ಅಂದರೆ ಶೋರೂಮಿನವ ಬೇಡ ಅನ್ನಬಹುದು. ಒಂದು ಕಪ್ ಚಾಕ್ಕೆ ಆ ಮಾತು ಬರುವುದಿಲ್ಲ.

ಚಾದಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ರೊಕ್ಕದ ಬಗ್ಗೆ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಹರಿದಾಡುವ ತಪ್ಪು ತಿಳಿವಳಿಕೆಗಳೆಲ್ಲ ಇದೇ ಅಚ್ಚಿನವು. ನಡೆಯುತ್ತದೋ ಇಲ್ಲವೋ ಎಂದು ಮಂದಿಯನ್ನು ಕೇಳುತ್ತೇವೆ, ಇದು ಯಾರು ಕೊಟ್ಟ ಮಾತು ಎಂದು ಕೇಳುವುದೇ ಇಲ್ಲ.

"ರೊಕ್ಕ ಬದಲಾದಾಗ ಅಜ್ಜನ ಗಂಟು ಕರಗಿತು"

ಎಂಬತ್ತು ದಾಟಿದವರು ಕಟ್ಟೆಯ ಮೇಲೆ ಸಿಕ್ಕರೆ ಈ ಮಾತು ಕೇಳಿಯೇ ಕೇಳುತ್ತೀರಿ. ನಿಜಾಮನ ರೊಕ್ಕ ಹೋಗಿ ಭಾರತದ ರೊಕ್ಕ ಬಂದಾಗ ಏಳುನೂರು ಇದ್ದದ್ದು ಆರುನೂರಾಯಿತಂತೆ, ನೂರು ನುಂಗಿದರಂತೆ.

1948ರ ಸೆಪ್ಟೆಂಬರ್‌ವರೆಗೆ ನಾವು ಹೈದರಾಬಾದ್ ಸಂಸ್ಥಾನದವರು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ಇಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ, ಮೇಲೆ ಚಾರ್ಮಿನಾರ್ ಚಿತ್ರ. ನೋಟಿನ ಮೇಲೆ ಉರ್ದು ಪ್ರಧಾನ, ಮೌಲ್ಯ ಮಾತ್ರ ಕನ್ನಡದಲ್ಲೂ ಇರುತ್ತಿತ್ತು. ತುಂಗಭದ್ರಾ ಹೊಳೆ ದಾಟಿ ಹೊಸಪೇಟೆಗೆ ಹೋದರೆ ಮದ್ರಾಸ್ ಪ್ರಾಂತ್ಯ, ಪಶ್ಚಿಮಕ್ಕೆ ಮುಂಡರಗಿ, ಗದಗ ಮುಟ್ಟಿದರೆ ಮುಂಬಯಿ ಪ್ರಾಂತ್ಯ. ಎರಡೂ ಕಡೆ ನಡೆಯುತ್ತಿದ್ದದ್ದು ಇಂಗ್ರೇಜಿ ರೂಪಾಯಿ, ನಮ್ಮವರ ಬಾಯಲ್ಲಿ ಕಲ್ದಾರ. ನೂರು ಕಲ್ದಾರಕ್ಕೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಬಾಯಿಲೆಕ್ಕದಲ್ಲಿ ಹೇಳುವುದಾದರೆ ಹಾಲಿ ಏಳು, ಕಲ್ದಾರ ಆರು.

1950ರ ದಶಕದಲ್ಲಿ ಹಾಲಿ ಸಿಕ್ಕಾ ನಿಂತದ್ದು ಇದೇ ದರದಲ್ಲಿ. ಏಳುನೂರು ಕೊಟ್ಟವನಿಗೆ ಆರುನೂರು ಸಿಕ್ಕಿತು, ನಿಜ. ಆದರೆ ಆ ಆರುನೂರಕ್ಕೆ ಮೊದಲಿನ ಏಳುನೂರರಷ್ಟೇ ಜೋಳ ಬರುತ್ತಿತ್ತು. ಸೇರಿನಿಂದ ಅಳೆದದ್ದನ್ನು ಕಿಲೋದಲ್ಲಿ ತೂಗಿದರೆ ಅಂಕಿ ಬದಲಾಗುತ್ತದೆ, ಚೀಲ ಸೊರಗುವುದಿಲ್ಲ. ಕಳೆದುಕೊಳ್ಳುವ ಹಾದಿ ಒಂದೇ ಇತ್ತು: ಹೂತಿಟ್ಟದ್ದನ್ನು ಬದಲಿಸಿಕೊಳ್ಳದೆ ಬಿಟ್ಟವನ ಕೈಗೆ ಕೊನೆಗೆ ಉಳಿಯುವುದು ಲೋಹದ ಬೆಲೆ. ನಮ್ಮ ದೇವರ ಗೂಡಿನಲ್ಲೂ ಅಂಥದೊಂದು ಚಾರ್ಮಿನಾರ್ ರೂಪಾಯಿ ಇದೆ. ದೀಪಾವಳಿಗೊಮ್ಮೆ ಅರಿಶಿಣ ಹಚ್ಚಿಸಿಕೊಳ್ಳುತ್ತದೆ, ಅಷ್ಟೇ ಅದರ ನೌಕರಿ.

ನಿಜವಾದ ಸಂಕಟ ಅದಕ್ಕಿಂತ ಮೊದಲೇ ಬಂದಿತ್ತು, ಅದನ್ನು ಯಾರೂ ನೆನೆಯುವುದಿಲ್ಲ. ಸ್ವಾತಂತ್ರ್ಯದ ನಂತರದ ತಿಂಗಳುಗಳಲ್ಲಿ ನಿಜಾಮ ಸರ್ಕಾರ ಭಾರತದ ರೂಪಾಯಿ ತನ್ನ ಸಂಸ್ಥಾನದಲ್ಲಿ ಸಲ್ಲದು ಎಂದು ಸುಗ್ರೀವಾಜ್ಞೆ ಹೊರಡಿಸಿತು. ಮದ್ರಾಸ್ ಮತ್ತು ಹೈದರಾಬಾದ್ ಎರಡೂ ಕೂಡಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರಲ್ಲಿ ಕೈಹಾಕಿದ್ದವು. ಒಂದೇ ಹೊಳೆ, ಒಂದೇ ಕಟ್ಟಡ, ಆದರೆ ಒಂದು ದಂಡೆಯ ರೊಕ್ಕ ಇನ್ನೊಂದು ದಂಡೆಯಲ್ಲಿ ಸಲ್ಲದು. ಈ ಹೊಳೆಯ ಚಿತ್ರ ನೆನಪಿನಲ್ಲಿರಲಿ, ಯೂರೋ ಮಾತು ಬಂದಾಗ ಬೇಕಾಗುತ್ತದೆ.

"ಹೈದರಾಬಾದ್ ಬ್ಯಾಂಕು ಹೋತು, ನಮ್ಮ ರೊಕ್ಕಾನೂ ಹೋತು"

ಇದಕ್ಕೆ ಬಹಳ ಹೊತ್ತು ಬೇಡ. 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಆಗಿ ಹುಟ್ಟಿ ಹಾಲಿ ಸಿಕ್ಕಾದ ಕಾರಭಾರವನ್ನೂ ನೋಡಿಕೊಂಡ ಬ್ಯಾಂಕು, 1956ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಆಯಿತು, 2017ರ ಏಪ್ರಿಲ್ 1ರಂದು ಎಸ್‌ಬಿಐ ಹೊಟ್ಟೆ ಸೇರಿತು. ಹೋದದ್ದು ಬೋರ್ಡು. ಠೇವಣಿ, ಸಾಲ ಎರಡೂ ಹೊಸ ಬ್ಯಾಂಕಿನ ಹೆಗಲಿಗೆ ಬಿದ್ದವು. ಬೋರ್ಡಿನ ಜೊತೆ ತಮ್ಮ ಸಾಲವೂ ಹೋಯಿತು ಅಂದುಕೊಂಡವರಿಗೆ ನೋಟೀಸು ಬಂದಾಗ ತಿಳಿಯಿತು. ಗ್ರಾಮೀಣ ಬ್ಯಾಂಕಿನ ಕತೆ ಇನ್ನೂ ಉದ್ದ. 1976ರ ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್, 2025ರಲ್ಲಿ ವಿಕಾಸ ಗ್ರಾಮೀಣ ಬ್ಯಾಂಕೂ ಅದರೊಳಗೆ. ಯಲಬುರ್ಗಾ ಕಡೆಯ ಶೇಂಗಾ ರೈತ ಅದೇ ಕಿಟಕಿಯ ಮುಂದೆ ಅದೇ ಸಾಲಿನಲ್ಲಿ ನಿಂತಿದ್ದಾನೆ, ಮೇಲೆ ಪೇಂಟರ್‌ಗೆ ಮಾತ್ರ ಕೈತುಂಬ ಕೆಲಸ.

"ಬ್ಯಾಂಕ್ ಮುಳುಗಿದರ ಐದ ಲಕ್ಷ, ಉಳಿದದ್ದು ಗೋವಿಂದ"

ಇದು ಅರ್ಧ ನಿಜ. ಪಾಸ್‌ಬುಕ್ಕಿನಲ್ಲಿ ಠೇವಣಿ ವಿಮೆಯ ಠಸ್ಸೆ ನೋಡಿದವರು, ಬ್ಯಾಂಕಿನವರೇ ಐದು ಲಕ್ಷದ ಮೇಲೆ ಕೊಡುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ಠಸ್ಸೆ ಹೇಳುವುದು ವಿಮೆಯ ಮಿತಿಯನ್ನು. ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ 1960ರಲ್ಲಿ ಬಿದ್ದ ಮೇಲೆ ಠೇವಣಿ ವಿಮೆಯ ಕಾಯ್ದೆ 1961ರಲ್ಲಿ ಬಂತು. ಮೊದಲ ಮಿತಿ 1,500 ರೂಪಾಯಿ. 1993ರಲ್ಲಿ ಒಂದು ಲಕ್ಷ, 2020ರ ಫೆಬ್ರವರಿ 4ರಿಂದ ಐದು ಲಕ್ಷ. ಕಂತು ಕಟ್ಟುವುದು ಬ್ಯಾಂಕು, ನಿಮ್ಮ ಖಾತೆಯಿಂದ ಪೈಸೆ ಮುರಿಯುವಂತಿಲ್ಲ. ಐದು ಲಕ್ಷದ ಮೇಲಿನದ್ದು ವಿಮೆಯಿಂದ ಬಾರದು. ಬ್ಯಾಂಕಿನ ಆಸ್ತಿ ಮಾರಿ, ಸಾಲ ವಸೂಲಾದಂತೆ ಅದು ಬರುತ್ತದೆ. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬುದಕ್ಕೆ ಭರವಸೆಯಿಲ್ಲ.

ಲೆಕ್ಕದಲ್ಲಿ ನಮ್ಮವರು ಎಡವುವುದು ಇಲ್ಲಿ. ಕೊಪ್ಪಳ ಶಾಖೆಯಲ್ಲಿ ನಾಲ್ಕು, ಗಂಗಾವತಿ ಶಾಖೆಯಲ್ಲಿ ಮೂರು ಲಕ್ಷ ಇಟ್ಟರೆ ಎರಡಕ್ಕೂ ಬೇರೆ ಬೇರೆ ವಿಮೆ ಅಂದುಕೊಳ್ಳುತ್ತಾರೆ. ಬ್ಯಾಂಕ್ ಒಂದೇ ಆದರೆ ಶಾಖೆಗಳನ್ನು ಕೂಡಿಸುತ್ತಾರೆ: ಒಟ್ಟು ಏಳು, ವಿಮೆ ಐದಕ್ಕೆ. ಬಡ್ಡಿಯೂ ಆ ಐದರೊಳಗೇ. ಬೇರೆ ಬ್ಯಾಂಕಿನಲ್ಲಿಟ್ಟರೆ ಬೇರೆ ಐದು. ಗಂಡನ ಖಾತೆ ಒಂದು, ಗಂಡ ಹೆಂಡತಿಯ ಜಂಟಿ ಖಾತೆ ಇನ್ನೊಂದು ಲೆಕ್ಕ. ಅದೇ ಬ್ಯಾಂಕಿನಲ್ಲಿ ಬೆಳೆಸಾಲ ಬಾಕಿಯಿದ್ದರೆ ಅದನ್ನು ಕಳೆದು ಕೊಡುವ ಅಧಿಕಾರವೂ ಇದೆ.

ವಿಮೆಯ ಬೆಲೆ ಎಂಥದೆಂದು ಬೆಂಗಳೂರು ನೋಡಿತು. 2020ರ ಜನವರಿಯಲ್ಲಿ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಜೀವಮಾನದ ಉಳಿತಾಯ ಇಟ್ಟವರಿಗೂ ತೆಗೆಯಲು ಬಿಟ್ಟದ್ದು 35,000. ಬ್ಯಾಂಕ್ ಸತ್ತಿರಲಿಲ್ಲ, ಬದುಕಿಯೂ ಇರಲಿಲ್ಲ. ಸಾಯುವತನಕ ವಿಮೆ ಬರುವಂತಿರಲಿಲ್ಲ. ಈ ತೂಗುಯ್ಯಾಲೆಯನ್ನು ನಿಲ್ಲಿಸಲೆಂದೇ 2021ರಲ್ಲಿ ಕಾಯ್ದೆ ತಿದ್ದಿದರು. ಈಗ ಇಂಥ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಕೈಸೇರಬೇಕು.

"ಬ್ಯಾಂಕ್ ಅಂದಮ್ಯಾಲ ಎಲ್ಲಾ ಒಂದ"

ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಗಂಗಾವತಿಯ ಯಾವುದೇ ದೊಡ್ಡ ರಸ್ತೆಯಲ್ಲಿ ನಿಂತು ಬೋರ್ಡು ಓದಿ. ರಾಷ್ಟ್ರೀಕೃತ ಬ್ಯಾಂಕು, ಖಾಸಗಿ ಬ್ಯಾಂಕು, ಪಟ್ಟಣ ಸಹಕಾರಿ ಬ್ಯಾಂಕು, ಸೌಹಾರ್ದ ಸಹಕಾರಿ, ಪತ್ತಿನ ಸಂಘ. ಗಾಜಿನ ಬಾಗಿಲು, ಎಸಿ, ಟೋಕನ್ ಮಷೀನು ಎಲ್ಲ ಕಡೆಯೂ ಒಂದೇ ಥರ. ಕಾಯ್ದೆ ಮಾತ್ರ ಬೇರೆ. ಮೊದಲ ಮೂರರ ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣಿದೆ, ಠೇವಣಿಗೆ ವಿಮೆಯಿದೆ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕೂ ಇದೇ ಸಾಲಿನದು. ಸೌಹಾರ್ದಗಳು ನಡೆಯುವುದು 1997ರ ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆಯಡಿ. ಬ್ಯಾಂಕಿಂಗ್ ಲೈಸೆನ್ಸ್ ಇಲ್ಲದ ಸೌಹಾರ್ದಕ್ಕೂ, ಊರಿನ ವ್ಯವಸಾಯ ಸೇವಾ ಸಹಕಾರ ಸಂಘಕ್ಕೂ ಆ ಐದು ಲಕ್ಷದ ಕೊಡೆ ಇಲ್ಲ. ಹೆಸರಿನಲ್ಲಿ 'ಬ್ಯಾಂಕ್' ಪದ ಬಳಸುವಂತಿಲ್ಲ, ಸದಸ್ಯರಲ್ಲದವರಿಂದ ಠೇವಣಿ ಪಡೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಎಚ್ಚರಿಸಿದ್ದು ಇಂಥ ಸಂಘಗಳ ಬಗ್ಗೆಯೇ.

ಸಂಘಗಳೆಲ್ಲ ಮೋಸ ಅನ್ನುತ್ತಿಲ್ಲ. ಕೊಪ್ಪಳದಿಂದ ಗದಗದ ಹಾದಿ ಹಿಡಿದರೆ ಸಿಗುವ ಊರು ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಸಹಕಾರ ಸಂಘ ಕಟ್ಟಿದಾಗ ಯಾವ ವಿಮೆಯಿತ್ತು? ಊರವರು ಒಬ್ಬರನ್ನೊಬ್ಬರು ಬಲ್ಲರು, ಸಾಲಗಾರನ ಹೊಲ ಎಲ್ಲರ ಕಣ್ಣ ಮುಂದಿತ್ತು. ಅದೇ ಜಾಮೀನು. ಸಂಘದ ಶಾಖೆ ಹತ್ತು ಊರಿಗೆ ಹಬ್ಬಿ, ನಿರ್ದೇಶಕನ ಮುಖವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡುವಂತಾದಾಗ ಆ ಜಾಮೀನು ಉಳಿಯುವುದಿಲ್ಲ. ಒಂದೂವರೆ ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುತ್ತಾರೆ ಅಂದರೆ ಅದು ಪ್ರೀತಿಗಲ್ಲ, ನೀವು ಹೊರುವ ಅಪಾಯಕ್ಕೆ ಕೊಡುವ ಕೂಲಿ.

"ಸರ್ಕಾರ ಬ್ಯಾಂಕಿನ ಧಣಿಗಳನ್ನ ಉಳಸ್ತೈತಿ, ನಮ್ಮ ಠೇವಣಿ ನುಂಗತೈತಿ"

2017ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು, ಎಫ್‌ಆರ್‌ಡಿಐ ಎಂದು ಅದರ ಹೆಸರು. ಮುಳುಗುವ ಬ್ಯಾಂಕನ್ನು ಎತ್ತಲು ಅದಕ್ಕೆ ಸಾಲ ಕೊಟ್ಟವರ ಹಣವನ್ನೇ ಬಳಸುವ 'ಬೇಲ್ ಇನ್' ಎಂಬ ಕಲಮು ಅದರಲ್ಲಿತ್ತು. ಬ್ಯಾಂಕಿನ ಕಣ್ಣಲ್ಲಿ ಠೇವಣಿದಾರನೂ ಸಾಲ ಕೊಟ್ಟವನೇ ತಾನೆ? ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. ಆದರೆ ಆ ಮಸೂದೆ ಕಾಯ್ದೆಯಾಗಲೇ ಇಲ್ಲ, 2018ರ ಆಗಸ್ಟಿನಲ್ಲಿ ಹಿಂದೆ ತೆಗೆದುಕೊಂಡರು. ವಾಟ್ಸಾಪಿನಲ್ಲಿ ಮಾತ್ರ ಅದು ಇನ್ನೂ ಜಾರಿಯಲ್ಲಿದೆ.

ಧಣಿಗಳ ಮಾತಿಗೆ ಬರೋಣ. 2020ರ ಮಾರ್ಚಿನಲ್ಲಿ ಯೆಸ್ ಬ್ಯಾಂಕಿಗೆ ಬೀಗ ಬಿತ್ತು, 50,000ದ ಮಿತಿ ಬಂತು. ಎಸ್‌ಬಿಐ ಮುಂದಾಗಿ ಬಂಡವಾಳ ಹಾಕಿತು, ಎರಡೇ ವಾರದಲ್ಲಿ ಠೇವಣಿದಾರರಿಗೆ ಪೂರ್ತಿ ಬಾಗಿಲು ತೆರೆಯಿತು. ಹೆಚ್ಚು ಬಡ್ಡಿಯ ಆಸೆಗೆ ಎಟಿ-1 ಎಂಬ ಬಾಂಡು ಕೊಂಡವರ 8,415 ಕೋಟಿ ರೂಪಾಯಿ ಶೂನ್ಯಕ್ಕೆ ಇಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಲಕ್ಷ್ಮೀ ವಿಲಾಸ್ ಬ್ಯಾಂಕ್ ಡಿಬಿಎಸ್ ಪಾಲಾದಾಗ ಷೇರುದಾರರಿಗೆ ಬಿಡಿಗಾಸೂ ಸಿಗಲಿಲ್ಲ, ಠೇವಣಿ ಉಳಿಯಿತು. ಖಾಸಗಿ ಬ್ಯಾಂಕಿನಲ್ಲಿ ಏಟು ಮೊದಲು ಬೀಳುವುದು ಒಡೆಯನಿಗೆ. ಸರ್ಕಾರಿ ಬ್ಯಾಂಕಿನಲ್ಲಿ ಒಡೆಯ ಯಾರು? ಸರ್ಕಾರ. 2017ರ ಅಕ್ಟೋಬರಿನಲ್ಲಿ ಅವುಗಳಿಗೆ 2.11 ಲಕ್ಷ ಕೋಟಿ ರೂಪಾಯಿಯ ಬಂಡವಾಳ ತುಂಬುವ ಯೋಜನೆ ಘೋಷಿಸಿದಾಗ ಅದರ ಭಾರ ಹೆಚ್ಚಾಗಿ ತಾಗಿದ್ದು ಬೊಕ್ಕಸಕ್ಕೆ, ಅಂದರೆ ಬೆಂಕಿಪೊಟ್ಟಣ ಕೊಂಡವನಿಗೂ. ಇಷ್ಟರ ಮಟ್ಟಿಗೆ ಕಟ್ಟೆಯ ಮಾತು ಸರಿ.

"ಯೂರೋ ಮುಳುಗತೈತಿ, ನಾಳೆ ರೂಪಾಯಿನೂ"

ಠೇವಣಿ ನುಂಗುವ ಭಯದ ಮೂಲ, ಯೂರೋವನ್ನು ಹಂಚಿಕೊಂಡ ದೇಶಗಳಲ್ಲೊಂದಾದ ಸೈಪ್ರಸ್. 2013ರ ಮಾರ್ಚ್ 16ರಂದು ಆ ಪುಟ್ಟ ದೇಶ ಬೆಳಗ್ಗೆ ಎದ್ದಾಗ, ಒಂದು ಲಕ್ಷ ಯೂರೋ ಒಳಗಿನ ಠೇವಣಿಯಿಂದಲೂ ನೂರಕ್ಕೆ 6.75 ಮುರಿದುಕೊಳ್ಳುವ ಪ್ರಸ್ತಾಪ ಎದುರಿಗಿತ್ತು. ಅಲ್ಲಿನ ಸಂಸತ್ತು ಒಪ್ಪಲಿಲ್ಲ. ಕೊನೆಗೆ ಒಂದು ಲಕ್ಷದೊಳಗಿನವರು ಉಳಿದರು. ಬ್ಯಾಂಕ್ ಆಫ್ ಸೈಪ್ರಸ್‌ನಲ್ಲಿ ಅದಕ್ಕಿಂತ ಮೇಲಿಟ್ಟವರ ಹಣದಲ್ಲಿ ನೂರಕ್ಕೆ 47.5 ಪಾಲು ಷೇರಾಗಿ ಬದಲಾಯಿತು. ಹಣ ದೇಶದಾಚೆ ಹೋಗದಂತೆ ಹಾಕಿದ ಬೇಲಿ ಪೂರ್ತಿ ತೆಗೆದದ್ದು 2015ರಲ್ಲಿ. ಎರಡು ವರ್ಷ ಸೈಪ್ರಸ್ ಬ್ಯಾಂಕಿನ ಯೂರೋ ಬೇರೆ, ಬರ್ಲಿನ್ನಿನ ಯೂರೋ ಬೇರೆ. ಚಿತ್ರ ಒಂದೇ, ಹೆಸರು ಒಂದೇ, ಹೊಳೆ ದಾಟುವಂತಿಲ್ಲ.

ಹಾಗಿದ್ದೂ ಯೂರೋ ಮುಳುಗಲಿಲ್ಲ. ಆಮೇಲೆ ಲಾಟ್ವಿಯಾ, ಲಿಥುವೇನಿಯಾ, 2023ರಲ್ಲಿ ಕ್ರೊಯೇಷಿಯಾ ಅದರೊಳಗೆ ಸೇರಿದವು. ಕುಂಟುತ್ತಿರುವುದು ಬೇರೆ ಕಡೆ: ನಾಣ್ಯ ಒಂದೇ ಮಾಡಿಕೊಂಡರು, ಠೇವಣಿ ವಿಮೆಯನ್ನು ಆಯಾ ದೇಶದ ತಲೆಗೇ ಬಿಟ್ಟರು. ಬ್ಯಾಂಕಿನ ಜೊತೆ ದೇಶವೂ ಬಡವಾದರೆ ವಿಮೆಯ ಮಾತಿಗೆ ತೂಕ ಎಲ್ಲಿಂದ ಬರಬೇಕು?

ರೂಪಾಯಿಯೂ ಹಂಚಿಕೊಂಡ ನಾಣ್ಯವೇ. ಯಲಬುರ್ಗಾದ ಎರೆಹೊಲಕ್ಕೂ ಬೆಂಗಳೂರಿನ ಐಟಿ ಕಚೇರಿಗೂ ಒಂದೇ ರೂಪಾಯಿ. ಮಳೆ ಕೈಕೊಟ್ಟ ವರ್ಷ ನಮ್ಮ ರೂಪಾಯಿಯನ್ನಷ್ಟೇ ಅಗ್ಗ ಮಾಡಿಕೊಂಡು ಶೇಂಗಾ ಮಾರುವಂತಿಲ್ಲ. ಅದಕ್ಕೆ ಬದಲಾಗಿ ತೆರಿಗೆಯ ಪಾಲು ಬರುತ್ತದೆ, ಸಂವಿಧಾನದ 371ಜೆ ಕಲಮಿನ ಹೆಸರಲ್ಲಿ ನಮ್ಮ ಭಾಗಕ್ಕೆ ಅನುದಾನ ಬರುತ್ತದೆ. ವಿಮೆಯೂ ಇಡೀ ದೇಶಕ್ಕೆ ಒಂದೇ. ಕುಕನೂರಿನ ಶಾಖೆಯ ಐದು ಲಕ್ಷಕ್ಕೂ ಮುಂಬಯಿಯ ಐದು ಲಕ್ಷಕ್ಕೂ ಒಂದೇ ಠೇವಣಿ ವಿಮೆ ನಿಗಮ ಹೊಣೆ. ಯೂರೋ ಮುಳುಗಿದರೆ ರೂಪಾಯಿ ಮುಳುಗುತ್ತದೆ ಅನ್ನುವವರು ಈ ಕಟ್ಟೋಣವನ್ನು ಒಮ್ಮೆ ನೋಡಬೇಕು.

ಸುಗ್ಗಿಯಲ್ಲಿ ಗಂಗಾವತಿಯ ಒಂದು ದಲಾಲಿ ಅಂಗಡಿಯಲ್ಲಿ ಕೂತಿದ್ದೆ. ಭತ್ತದ ಧೂಳು ಗಾದಿಯ ಮೇಲೆ ಬಿಸ್ಕೀಟು ಪುಡಿಯ ಹಾಗೆ ಹರಡಿತ್ತು. ಪರಿಚಯದ ರೈತ ಭತ್ತ ತೂಗಿಸಿ, ಲೆಕ್ಕ ನೋಡಿ, ರೊಕ್ಕ ತೆಗೆದುಕೊಳ್ಳದೆ ಎದ್ದ. ಮಗಳ ಮದುವೆತನಕ ಸಾಹುಕಾರರ ಕಡೆಯೇ ಇರಲಿ ಅಂದ. ಆರು ಲಕ್ಷ ಚಿಲ್ಲರೆ. ಕೈಯಲ್ಲಿ ಒಂದು ಹಳದಿ ಚೀಟಿ, ಪೆನ್ಸಿಲ್ಲಿನ ಅಂಕಿ, ಸಹಿಯೂ ಇಲ್ಲ. ಹೊರಗೆ ಬಂದ ಮೇಲೆ ಚಾ ಕುಡಿದೆವು. ರೊಕ್ಕ ಅವನೇ ಕೊಟ್ಟ. ತಿರುಗಿ ಬಂದ ಚಿಲ್ಲರೆಯಲ್ಲಿ ಒಂದು ಹತ್ತರ ನಾಣ್ಯವಿತ್ತು.

"ಇದು ಬ್ಯಾಡ, ನೋಟ ಕೊಡಪಾ," ಅಂದ ಅಂಗಡಿಯವನಿಗೆ.