ದಯೆಯ ಬೇರು, ಶಾಂತಿಯ ಫಲ

ದಯೆ, ಶಾಂತಿ ಎಂಬ ಎರಡು ಪದಗಳನ್ನು ನಾವು ಪ್ರಾರ್ಥನೆಯಲ್ಲಿ ದಿನವೂ ಉಚ್ಚರಿಸುತ್ತೇವೆ. ಅತಿಪರಿಚಯದಿಂದಲೇ ಅವುಗಳ ಅರ್ಥ ಮಸುಕಾಗಿದೆ. ದಯೆಯೆಂದರೆ ಬಡವನ ಕೈಗೆ ನಾಲ್ಕು ಕಾಸು ಹಾಕುವುದು, ಶಾಂತಿಯೆಂದರೆ ಜಗಳವಿಲ್ಲದಿರುವುದು ಎಂದು ತಿಳಿದು ಸುಮ್ಮನಾಗುತ್ತೇವೆ. ಹನ್ನೆರಡನೆಯ ಶತಮಾನದ ಶರಣರು ಇಷ್ಟಕ್ಕೆ ತೃಪ್ತರಾಗಲಿಲ್ಲ. ಬಸವಣ್ಣನವರು ದಯೆಯನ್ನು ಧರ್ಮದ ಒಂದು ಅಲಂಕಾರವೆಂದು ಬಗೆಯದೆ ಅದರ ಮೂಲವೆಂದೇ ಸಾರಿದರು.

ಮೂಲವೆಂದರೆ ಬೇರು. ಈ ಮಾತಿನ ಆಳವನ್ನು ಅರಿಯಲು ಸಂಪಾಜೆಯಂತಹ ಊರು ನಮಗೆ ಒಳ್ಳೆಯ ಪಾಠಶಾಲೆ. ಘಟ್ಟದ ಬುಡದಲ್ಲಿ, ಪಯಸ್ವಿನಿ ಹರಿಯುವ ಎಡೆಯಲ್ಲಿ, ಒಂದೇ ಹೆಸರಿನ ಊರು ಎರಡು ಜಿಲ್ಲೆಗಳಲ್ಲಿ ಹಂಚಿಕೊಂಡಿದೆ. ಸುಳ್ಯದ ಸೀಮೆ ಒಂದು ಕಾಲಕ್ಕೆ ಕೊಡಗಿನ ಹಾಲೇರಿ ಅರಸರ ಆಳ್ವಿಕೆಯಲ್ಲಿತ್ತು. 1834ರಲ್ಲಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡ ಬಳಿಕ ಅದು ಕೆನರಾ ಜಿಲ್ಲೆಗೆ ಸೇರಿತು. ಗಡಿಯನ್ನು ಆಳುವವರು ಎಳೆದರು. ಮಳೆಯಾಗಲಿ ಮಾನವನ ಸಂಕಟವಾಗಲಿ ಆ ಗೆರೆಯನ್ನು ಅರಿಯದು.

2018ರ ಆಗಸ್ಟ್ ತಿಂಗಳಿನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ತಿಳಿಯಿತು. ಜೋಡುಪಾಲ, ಮದೆನಾಡು ಕಡೆಗಳಲ್ಲಿ ಗುಡ್ಡಗಳು ಕುಸಿದವು. ಮಡಿಕೇರಿಯ ಹೆದ್ದಾರಿ ವಾರಗಟ್ಟಲೆ ಮುಚ್ಚಿತು. ಮನೆಮಠ ಕಳೆದುಕೊಂಡವರು ಘಟ್ಟವಿಳಿದು ಬಂದಾಗ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಪರಿಹಾರ ಶಿಬಿರಗಳು ತೆರೆದವು. ಹಸಿದವನ ಮುಂದೆ ಎಲೆ ಹಾಕುವಾಗ ಅವನ ಜಿಲ್ಲೆ ಯಾವುದು, ಜಾತಿ ಯಾವುದು ಎಂಬ ಪ್ರಶ್ನೆಗೆ ಎಡೆಯೆಲ್ಲಿದೆ?

ಆದರೆ ಇಲ್ಲಿಯೇ ಒಂದು ಸೂಕ್ಷ್ಮವಿದೆ. ಕೊಡುವವನ ಮನದಲ್ಲಿ 'ನಾನು ಕೊಟ್ಟೆ' ಎಂಬ ಭಾವ ಮೊಳೆತರೆ ಪಡೆಯುವವನ ತಲೆ ತಗ್ಗುತ್ತದೆ. ನಿನ್ನೆಯವರೆಗೆ ತೋಟದೊಡೆಯನಾಗಿದ್ದವನು ಇಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವಾಗ ಅವನಿಗೆ ಅನ್ನದಷ್ಟೇ ಮಾನವೂ ಬೇಕು. ಶರಣರು ದಾನವೆನ್ನದೆ ದಾಸೋಹವೆಂದುದರ ಮರ್ಮ ಇದೇ ಎಂದು ನಾನು ಭಾವಿಸುತ್ತೇನೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ; ದಾಸೋಹದಲ್ಲಿ ನೀಡುವವನೇ ದಾಸ.

ಇನ್ನೊಂದು ಮಾತು. ಆ ವರ್ಷದ ಭೂಕುಸಿತಕ್ಕೆ ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಮಣ್ಣನ್ನು ಹಿಡಿದಿಡುವುದು ಮರದ ಬೇರು. ಬೇರನ್ನು ಕಡಿದು ಬೆಟ್ಟ ನಿಲ್ಲಲೆಂದು ಬೇಡುವುದು ವ್ಯರ್ಥ. ಹಾಗೆಯೇ ದಯೆಯನ್ನು ಕಡಿದು ಶಾಂತಿಯನ್ನು ಬಯಸುವುದೂ ವ್ಯರ್ಥ. ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬ ಬೋಧೆ ಗಿಡ, ನೆಲ, ನೀರುಗಳನ್ನು ಹೊರಗಿಟ್ಟರೆ ಪೂರ್ಣವಾಗದು.

ಆಪತ್ತಿನ ದಿನ ಕರಗುವ ಮನಸ್ಸು ಎಲ್ಲರಿಗೂ ಉಂಟು. ನೀರಿಳಿದ ಮೇಲೆಯೂ, ಸುದ್ದಿ ಹಳತಾದ ಮೇಲೆಯೂ ಅದು ಒಣಗದೆ ಉಳಿಯುವುದೇ ಸಾಧನೆ. ವಿದ್ಯಾರ್ಥಿಗಳು ಇದನ್ನು ದೊಡ್ಡ ದುರಂತಕ್ಕೆ ಕಾಯದೆ, ಪಕ್ಕದಲ್ಲಿ ಕುಳಿತ ಸಹಪಾಠಿಯಿಂದಲೇ ಆರಂಭಿಸಬಹುದು. ಬೇರು ನೆಲದೊಳಗೆ ಮೌನವಾಗಿ ಇಳಿಯುತ್ತದೆ. ಫಲ ತನ್ನ ಕಾಲಕ್ಕೆ ತಾನೇ ಬರುತ್ತದೆ.