ಕೈ ತೊಳೆಯುವ ವಿದ್ಯೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ವೈದ್ಯಕೀಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ದೊಡ್ಡ ರೋಗಗಳನ್ನೆಲ್ಲ ಬಿಟ್ಟು ಕೈ ತೊಳೆಯುವ ವಿಷಯವನ್ನೇ ಆರಿಸಿಕೊಂಡೆ. ಈ ಶಾಲೆಯಲ್ಲಿ ಅಕ್ಷರ ಕಲಿತು, ವೈದ್ಯನಾಗಿ, ಹೌಸ್ ಸರ್ಜನ್ನರೆಂಬ ಕಿರಿಯ ವೈದ್ಯರಿಗೆ ಹಲವು ವರ್ಷ ಪಾಠ ಹೇಳಿದವನು ನಾನು. ಹಿಂದೂಪುರದ ರೋಗಿ ಬೆಂಗಳೂರಿಗೆ ಹೋಗಲಿ, ಕಲ್ಯಾಣದುರ್ಗದ ರೋಗಿ ಅನಂತಪುರಕ್ಕೋ ಬಳ್ಳಾರಿಗೋ ಹೋಗಲಿ, ದೊಡ್ಡಾಸ್ಪತ್ರೆಯಲ್ಲಿ ಅವರನ್ನು ಮೊದಲು ಮುಟ್ಟುವ ಕೈ ಬಹುಮಟ್ಟಿಗೆ ಇಂತಹ ಕಿರಿಯರದೇ. ಆ ಕೈ ಹೇಗಿರಬೇಕೆಂಬುದನ್ನು ನಮ್ಮ ಜನರೂ ತಿಳಿದಿರುವುದು ಒಳಿತು.

ಒಂದು ಕಾಯಿಲೆಗೆಂದು ಆಸ್ಪತ್ರೆ ಸೇರಿದವರಿಗೆ ಅಲ್ಲಿಯೇ ಮತ್ತೊಂದು ಸೋಂಕು ತಗಲುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಶ್ರೀಮಂತ ದೇಶಗಳಲ್ಲಿ ನೂರು ಒಳರೋಗಿಗಳ ಪೈಕಿ 7 ಮಂದಿಗೆ, ಬಡ ಹಾಗೂ ಮಧ್ಯಮ ವರಮಾನದ ದೇಶಗಳಲ್ಲಿ 15 ಮಂದಿಗೆ ಹೀಗಾಗುತ್ತದೆ. ಸೋಂಕು ತಗಲಿದವರಲ್ಲಿ ಸರಾಸರಿ ಹತ್ತರಲ್ಲೊಬ್ಬರು ಬದುಕುವುದಿಲ್ಲ.

ಇದಕ್ಕೆ ಪರಿಹಾರವನ್ನು ಮೊದಲು ತೋರಿದವರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿದ್ದ ಡಾ. ಸೆಮ್ಮೆಲ್‌ವೈಸ್ ಒಬ್ಬರು. ಶವಪರೀಕ್ಷೆ ಮುಗಿಸಿ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದ ವಿದ್ಯಾರ್ಥಿಗಳು ಕ್ಲೋರಿನ್‌ಯುಕ್ತ ಸುಣ್ಣದ ನೀರಿನಲ್ಲಿ ಕೈ ತೊಳೆಯಲೇಬೇಕೆಂದು ಅವರು 1847ರ ಮೇ ತಿಂಗಳಲ್ಲಿ ಕಟ್ಟುಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆದರೂ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಮೃತ್ಯುವನ್ನು ಹೊತ್ತು ತರುತ್ತದೆಂದು ಒಪ್ಪುವುದು ಯಾರಿಗೂ ಸುಲಭವಲ್ಲ.

ಹೊಸಬರಿಗೆ ಪಾಠವನ್ನು ನಾನು ನಮ್ಮ ಮನೆಗಳ ‘ಮಡಿ’ಯಿಂದ ಪ್ರಾರಂಭಿಸುತ್ತಿದ್ದೆ. ಗಳುವಿನ ಮೇಲೆ ಒಣಹಾಕಿದ ಮಡಿಬಟ್ಟೆ ನೋಡುವುದಕ್ಕೆ ಉಳಿದ ಬಟ್ಟೆಯಂತೆಯೇ ಇರುತ್ತದೆ. ಯಾರಾದರೂ ಮುಟ್ಟಿದರೆ ಮಾತ್ರ ಅದು ಮಡಿಯಲ್ಲ. ‘ಸ್ವಲ್ಪವೇ ತಗಲಿತು’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿಯೂ ಹೀಗೆಯೇ. ಶುಭ್ರವಾಗಿರುವುದು ಬೇರೆ, ಕ್ರಿಮಿರಹಿತವಾಗಿರುವುದು ಬೇರೆ. ಕ್ರಿಮಿರಹಿತವಾದುದನ್ನು ಕ್ರಿಮಿರಹಿತವಾದುದೇ ಮುಟ್ಟಬೇಕು. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಮಡಿಯು ಮನುಷ್ಯರಲ್ಲಿ ಮೇಲುಕೀಳುಗಳನ್ನು ಎಣಿಸಿತು, ರೋಗಾಣುವು ಎಣಿಸುವುದಿಲ್ಲ. ಪ್ರೊಫೆಸರರ ಕೈಯೂ ಆಯಾಳ ಕೈಯೂ ಅದಕ್ಕೆ ಒಂದೇ.

ಇನ್ನು ಕ್ರಮ. ಉಂಗುರ, ಬಳೆ, ಗಡಿಯಾರಗಳನ್ನು ತೆಗೆದಿಡಬೇಕು, ಉಗುರು ಗಿಡ್ಡವಾಗಿರಬೇಕು. ತೊಳೆಯುವಾಗ ಅಂಗೈಗಳನ್ನು ಮೊಣಕೈಗಿಂತ ಮೇಲೆ ಹಿಡಿದರೆ ನೀರು ಬೆರಳಿನಿಂದ ಮೊಣಕೈಯತ್ತ ಇಳಿಯುತ್ತದೆ, ತೊಳೆಯದ ಭಾಗದ ಕೊಳೆ ಬೆರಳಿಗೆ ಹರಿಯುವುದಿಲ್ಲ. ಕೈಗವಸನ್ನು ತೊಡುವಾಗ ಬರಿಗೈ ಅದರ ಒಳಮೈಯನ್ನು ಮಾತ್ರ ಮುಟ್ಟಬೇಕು. ತೊಟ್ಟ ಮೇಲೆ ಕೈಗಳು ಸೊಂಟದಿಂದ ಕೆಳಗಿಳಿಯಬಾರದು. ಉಪಕರಣಗಳನ್ನು ಆಟೋಕ್ಲೇವ್ ಯಂತ್ರದಲ್ಲಿ, ಪ್ರೆಷರ್ ಕುಕ್ಕರಿನಂತೆ ಒತ್ತಡದ ಹಬೆಯಲ್ಲಿ, 121 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಗೊತ್ತಾದಷ್ಟು ಹೊತ್ತು ಒಡ್ಡುತ್ತಾರೆ. ಹೊರಬಂದ ಬಟ್ಟೆಯ ಗಂಟು ತೇವವಾಗಿದ್ದರೆ ಬಳಸಕೂಡದು. ತೇವದ ಮೂಲಕ ರೋಗಾಣುಗಳು ಒಳನುಸುಳುತ್ತವೆ.

ವಾರ್ಡಿನಲ್ಲಿ ಇಷ್ಟೆಲ್ಲ ಬೇಕಿಲ್ಲ. ಸಾಬೂನಿನಿಂದಾದರೆ 40ರಿಂದ 60 ಸೆಕೆಂಡು, ಆಲ್ಕೊಹಾಲ್ ದ್ರಾವಣದಿಂದಾದರೆ 20ರಿಂದ 30 ಸೆಕೆಂಡು ಸಾಕು. ಆದರೆ ಒಬ್ಬ ರೋಗಿಯಿಂದ ಮತ್ತೊಬ್ಬರ ಬಳಿ ಹೋಗುವಾಗ ಪ್ರತಿಸಲವೂ ಮಾಡಬೇಕು. ಹೊಳೆಯುವ ದ್ರಾವಣವನ್ನು ಕೈಗೆ ಸವರಿ ನೇರಳಾತೀತ ದೀಪದ ಕೆಳಗೆ ಹಿಡಿಸಿದರೆ ಎಲ್ಲಿ ಸವರಿಲ್ಲವೆಂಬುದು ತಿಳಿಯುತ್ತದೆ: ಸಾಮಾನ್ಯವಾಗಿ ಹೆಬ್ಬೆರಳು ಮತ್ತು ಬೆರಳ ತುದಿ. ಒಂದು ಗಂಟೆಯ ಉಪನ್ಯಾಸಕ್ಕಿಂತ ಈ ದೀಪ ಹೆಚ್ಚು ಕಲಿಸುತ್ತದೆ.

ಕೈಯೊಂದೇ ಶುದ್ಧವಾದರೆ ಸಾಲದು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರಲ್ಲಿ ಐವರು ಬಾಣಂತಿಯರು ತೀರಿಕೊಂಡರು. ರಕ್ತನಾಳಕ್ಕೆ ಹನಿಸಿದ ದ್ರಾವಣದ ಮೇಲೆ ಸಂದೇಹ ಬಿದ್ದಿತು. ಆದ್ದರಿಂದ ಬಾಟಲಿಯ ಮುಚ್ಚಳ, ಅವಧಿ, ತಿಳಿತನಗಳನ್ನು ನೋಡಿ ಬ್ಯಾಚ್ ಸಂಖ್ಯೆಯನ್ನು ಬರೆದಿಡುವುದೂ ಈ ವಿದ್ಯೆಯ ಭಾಗ. ದೋಷವೆಲ್ಲವೂ ಕಣ್ಣಿಗೆ ಕಾಣದು. ಆದರೆ ಹಲವರು ಒಮ್ಮೆಗೇ ಅಸ್ವಸ್ಥರಾದಾಗ ಆ ಸಂಖ್ಯೆಯೇ ಮೂಲವನ್ನು ತೋರಿಸಬಲ್ಲದು.

ಎಲ್ಲಕ್ಕಿಂತ ಕಠಿಣವಾದ ಪಾಠ ಬೇರೆಯೇ ಇದೆ. ಹಿರಿಯ ಶಸ್ತ್ರವೈದ್ಯರ ತೋಳು ಎಲ್ಲಿಯೋ ತಗಲಿದಾಗ ‘ಸಾರ್, ಗವಸು ಬದಲಾಯಿಸಬೇಕು’ ಎಂದು ಹೇಳುವ ಧೈರ್ಯ ಕಿರಿಯ ವೈದ್ಯನಿಗೂ ನರ್ಸಮ್ಮನಿಗೂ ಇರಬೇಕು; ಅದನ್ನು ಕೇಳಿ ಮರುಮಾತಿಲ್ಲದೆ ಬದಲಾಯಿಸುವ ವಿನಯ ಹಿರಿಯರಿಗಿರಬೇಕು. ಗುರುಹಿರಿಯರಿಗೆ ಎದುರಾಡಬಾರದೆಂದು ಕಲಿತು ಬಂದ ನಮ್ಮ ಮಕ್ಕಳಿಗೆ ಇದು ಸುಲಭವಲ್ಲ. ರೋಗಿಯ ಪ್ರಾಣ ಕಾಯುವ ಮಾತು ಅವಿನಯವಲ್ಲವೆಂದು ಅವರಿಗೆ ಮನಗಾಣಿಸಬೇಕು.

ಓದುಗರಲ್ಲಿ ನನ್ನ ವಿನಂತಿಯಿಷ್ಟೆ. ಬಾಣಂತಿಯನ್ನು ನೋಡಲು ಹತ್ತು ಮಂದಿ ಒಟ್ಟಿಗೆ ಹೋಗಬೇಡಿ. ಕೈ ತೊಳೆಯದೆ ಹಸುಗೂಸನ್ನು ಎತ್ತಿಕೊಳ್ಳಬೇಡಿ. ಮುಟ್ಟಲು ಬಂದ ವೈದ್ಯರನ್ನು ‘ಕೈ ತೊಳೆದಿರಾ?’ ಎಂದು ಮೆತ್ತಗೆ ಕೇಳಲು ಸಂಕೋಚಪಡಬೇಡಿ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸುವುದಿಲ್ಲ. ಗಡಿನಾಡಿನಲ್ಲಿ ಐವತ್ತು ವರ್ಷ ಕನ್ನಡದ ದೀಪವನ್ನು ಆರದಂತೆ ಕಾಯ್ದ ನಮ್ಮ ಶಾಲೆಯಿಂದ ಇನ್ನೂ ಅನೇಕ ವೈದ್ಯರು, ದಾದಿಯರು ಹೊರಬರಲಿ; ಅವರ ಕೈಗಳು ಸದಾ ಶುದ್ಧವಾಗಿರಲೆಂದು ಹಾರೈಸುತ್ತೇನೆ.