ಒಂದೇ ಒಲೆ, ಒಂದೇ ಆಪರೇಷನ್, ಎರಡು ತೂಕ

‘ನಾನೂ ನನ್ನ ವಾರಗಿತ್ತಿಯೂ ಒಂದೇ ಡಾಕ್ಟರ ಹತ್ತಿರ ಸ್ಲೀವ್ ಆಪರೇಷನ್ ಮಾಡಿಸಿಕೊಂಡೆವು. ಅವಳು 35 ಕಿಲೋ ಇಳಿದಳು, ನಾನು 18ಕ್ಕೇ ನಿಂತೆ. ನಾನು ಕದ್ದು ತಿನ್ನುತ್ತೇನೆಂದು ಮನೆಯವರಿಗೆ ಗುಮಾನಿ’ ಎಂದು ಓದುಗರೊಬ್ಬರು ಬರೆದಿದ್ದಾರೆ.

ಗುಮಾನಿಯ ಬೇರು ಚೀಲದ ಲೆಕ್ಕದಲ್ಲಿದೆ: ಹೊಟ್ಟೆ ಚಿಕ್ಕದಾಯಿತು, ಹಿಡಿಸುವುದೂ ಕಮ್ಮಿಯಾಯಿತು, ಇನ್ನೂ ತೂಕ ಇಳಿಯದಿದ್ದರೆ ತಪ್ಪು ತಿನ್ನುವವರದು. ಅಯೋವಾ ವಿಶ್ವವಿದ್ಯಾಲಯದ ಸರ್ಜನ್ ಎಡ್ವರ್ಡ್ ಮೇಸನ್ 1966ರಲ್ಲಿ ತೂಕ ಇಳಿಸುವ ಇನ್ನೊಂದು ಆಪರೇಷನ್ ಆದ ಗ್ಯಾಸ್ಟ್ರಿಕ್ ಬೈಪಾಸ್ ಶುರುಮಾಡಿದ್ದೂ ಇಂಥ ಲೆಕ್ಕದ ಮೇಲೆಯೇ. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರು ಮತ್ತೆ ಮೈ ತುಂಬಿಕೊಳ್ಳಲು ಒದ್ದಾಡುವುದನ್ನು ಅವರು ಕಂಡಿದ್ದರು.

ಆದರೆ ಮದುವೆಮನೆಯ ಪಂಕ್ತಿ ನೆನಪಿಸಿಕೊಳ್ಳಿ. ಎಲೆ ಚಿಕ್ಕದಾದರೆ ಹಸಿದವನು ಕಡಿಮೆ ಉಣ್ಣುತ್ತಾನೆಯೇ? ಮತ್ತೆ ಮತ್ತೆ ಬಡಿಸಿಕೊಳ್ಳುತ್ತಾನೆ. ಊಟ ನಿಲ್ಲುವುದು ಅವನು ‘ಸಾಕು’ ಎಂದಾಗ. ಹೊಟ್ಟೆಯೂ ಮಿದುಳಿಗೆ ‘ಹಾಕಿ’, ‘ಸಾಕು’ ಎಂದು ಹೇಳುತ್ತಲೇ ಇರುತ್ತದೆ. ‘ಹಾಕಿ’ ಎನ್ನುವ ಹಾರ್ಮೋನು ಗ್ರೆಲಿನ್. ಜಪಾನಿನ ಕೋಜಿಮಾ ಮತ್ತು ಕಂಗಾವಾ ಅದನ್ನು ಪತ್ತೆಮಾಡಿದ್ದು 1999ರಲ್ಲಿ. ಸ್ಲೀವ್‌ನಲ್ಲಿ ಕತ್ತರಿಸಿ ತೆಗೆಯುವ ಸುಮಾರು ಮುಕ್ಕಾಲು ಜಠರದಲ್ಲಿಯೇ ಅದು ಹೆಚ್ಚಾಗಿ ತಯಾರಾಗುತ್ತದೆ. ಉಳಿದ ಕಿರು ಕೊಳವೆಯಿಂದ ಅನ್ನ ಬೇಗ ಕರುಳಿಗಿಳಿಯುವುದರಿಂದ ‘ಸಾಕು’ ಎನ್ನುವ ಜಿಎಲ್‌ಪಿ-1 ಜೋರಾಗಿ ಏರುತ್ತದೆ. ಈಗ ಎಲ್ಲರ ಬಾಯಲ್ಲಿರುವ ತೂಕದ ಇಂಜೆಕ್ಷನ್ನುಗಳು ಅನುಕರಿಸುವುದು ಇದನ್ನೇ. ಅಲ್ಲೂ ಫಲ ಎಲ್ಲರಿಗೂ ಒಂದೇ ಅಲ್ಲ.

ಕತ್ತರಿ ಒಂದೇ ಆದರೂ ಈ ‘ಸಾಕು’ ಎನ್ನುವ ದನಿ ಒಬ್ಬರಲ್ಲಿ ಗಟ್ಟಿ, ಇನ್ನೊಬ್ಬರಲ್ಲಿ ಕ್ಷೀಣ. ಜೊತೆಗೆ ತೂಕ ಇಳಿದಂತೆ ಮೈಯೂ ಜಿಪುಣನಾಗಿ ಕ್ಯಾಲರಿ ಖರ್ಚು ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಇರುವವರ ತೂಕ ಸರಾಸರಿಯಲ್ಲಿ ಕಡಿಮೆ ಇಳಿಯುತ್ತದೆ. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೊಡ್ಡ ಅಧ್ಯಯನದಲ್ಲಿ ಬೈಪಾಸ್ ಆದವರು ಹತ್ತು ವರ್ಷಗಳ ನಂತರ ಮೊದಲಿಗಿಂತ ಸರಾಸರಿ ಶೇ. 25ರಷ್ಟು ಹಗುರಾಗಿದ್ದರು. ಆ ‘ಸರಾಸರಿ’ಯೊಳಗೆ ನಮ್ಮ ಪತ್ರದ ಇಬ್ಬರಂಥವರೂ ಅಡಗಿರುತ್ತಾರೆ.

ನನಗೆ ಬಲು ಇಷ್ಟವಾದದ್ದು ಬಾಸ್ಟನ್ನಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನ. ಬೈಪಾಸ್ ಮಾಡಿಸಿಕೊಂಡ ತಾಯಿ-ಮಕ್ಕಳು, ಒಡಹುಟ್ಟಿದವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿದ್ದರು. ಒಂದೇ ಸೂರಿನಡಿ ಇದ್ದು ರಕ್ತಸಂಬಂಧವಿಲ್ಲದವರ ಇಳಿತದಲ್ಲಿ ಅಂಥ ಹೋಲಿಕೆ ಇರಲಿಲ್ಲ.

ವಾರಗಿತ್ತಿಯರು ಹಂಚಿಕೊಳ್ಳುವುದು ಒಲೆಯನ್ನು, ವಂಶವಾಹಿಯನ್ನಲ್ಲ. ಪತ್ರ ಬರೆದವರ ಸ್ವಂತ ತಂಗಿ ಇದೇ ಆಪರೇಷನ್ ಮಾಡಿಸಿಕೊಂಡಿದ್ದರೆ, ಪಕ್ಕದಲ್ಲಿ ನಿಲ್ಲಿಸಿ ನೋಡಬೇಕಾದದ್ದು ಆಕೆಯನ್ನು.